ಹೊರಗೆ ನಿಂತ ಸೋದರಮಾವ

ಮಗ್ಗದ ಎಣ್ಣೆಯ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ ನಾನರಿಯೆ. ಗೊತ್ತಿಲ್ಲದಿದ್ದರೆ ಒಮ್ಮೆ ನಿಪ್ಪಾಣಿಯಿಂದ ಚಿಕ್ಕೋಡಿಗೆ ಬರುವ ಬಸ್ಸಿನಲ್ಲಿ, ಬೋರಗಾಂವದಲ್ಲಿ ಪಾಳಿ ಮುಗಿಸಿ ಬಂದವನೊಬ್ಬನ ಪಕ್ಕ ಕೂತು ನೋಡಿ. ಎಣ್ಣೆ, ಗಂಜಿ, ಅರಳೆಯ ಧೂಳು, ಬೆವರು ಎಲ್ಲ ಸೇರಿದ ಒಂದು ವಾಸನೆ. ಎಷ್ಟು ಸಬಕಾರ ಹಚ್ಚಿ ತೊಳೆದರೂ ಅಂಗಿ ಬಿಟ್ಟು ಹೋಗುವುದಿಲ್ಲ. ಕಳೆದ ಸೋಮವಾರ ಅಂಥವನೊಬ್ಬ ನನ್ನ ಪಕ್ಕ ಬಂದು ಕೂತ. ಕೂತವನೇ ನಿದ್ದೆ ಹೋದ. ಅವನ ತಲೆ ನನ್ನ ಹೆಗಲಿಗೆ ಬಂದು ಬಿತ್ತು. ಬೇರೆ ದಿನವಾಗಿದ್ದರೆ “ಏ ತಮ್ಮಾ, ನೆಟ್ಟಗ ಕುಂಡ್ರು” ಎಂದು ಗದರಿಬಿಡುತ್ತಿದ್ದೆ. ಇಪ್ಪತ್ತೆಂಟು ವರ್ಷ ಕಂಡಕ್ಟರನಾಗಿದ್ದವನು ನಾನು. ನಿವೃತ್ತಿಯಾದರೂ ಬಸ್ಸು ಹತ್ತಿದೊಡನೆ ಯಾರನ್ನಾದರೂ ಗದರುವ ಚಟ ಬಿಟ್ಟಿಲ್ಲ. ಅವತ್ತು ಮಾತ್ರ ಬಾಯಿ ಬರಲಿಲ್ಲ. ಅದು ಉಪದೇಶಿ ಕಾಕಾನ ಅಂಗಿಯ ವಾಸನೆಯಾಗಿತ್ತು.

ಉಪದೇಶಿ ಕಾಕಾ ನೆನಪಾದದ್ದಕ್ಕೆ ಇನ್ನೂ ಒಂದು ಕಾರಣವಿತ್ತು. ಅದು ನನ್ನ ಅಂಗಿಯ ಕಿಸೆಯಲ್ಲಿ ಚೀಟಿಯಾಗಿ ಕೂತಿತ್ತು. ನಮ್ಮ ಸಭೆಯ ಪಾಸ್ಟರು ಇನ್ನೂ ಹುಡುಗ, ಬಲು ವಿನಯವಂತ. “ಹಿರಿಯರ, ಬರೂ ರವಿವಾರ ನಾ ಊರಾಗ ಇರಂಗಿಲ್ರಿ. ನೀವ ಉಪದೇಶ ಮಾಡಬೇಕ್ರಿ” ಎಂದು, ಓದಬೇಕಾದ ಭಾಗವನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಹಿರಿಯರು ಎಂದು ಕರೆದರೆ ನಾನು ಉಬ್ಬುತ್ತೇನೆ ಎಂಬುದು ಅವರಿಗೂ ಗೊತ್ತು. ಚೀಟಿ ಬಿಚ್ಚಿ ನೋಡದೆಯೇ “ಆಗ್ಲಿ ಬಿಡ್ರಿ” ಎಂದುಬಿಟ್ಟೆ. ಬಸ್ಸಿನಲ್ಲಿ ಕೂತು ಬಿಚ್ಚಿದರೆ, ತಪ್ಪಿಹೋದ ಮಗನ ಸಾಮ್ಯ, ಯೇಸುಸ್ವಾಮಿ ಹೇಳಿದ ಆ ನೀತಿಕಥೆ!

ಚೀಟಿಯನ್ನು ಮಡಿಚಿ ತಿರುಗಿ ಕಿಸೆಗೆ ತುರುಕಿದೆ. ಏಕೆಂದು ಮುಚ್ಚಿಡುವುದೇಕೆ, ಹೇಳಿಬಿಡುತ್ತೇನೆ. ಹಾರೂಗೇರಿಯಲ್ಲಿ ನನ್ನ ಒಡಹುಟ್ಟಿದ ಅಕ್ಕ ಇದ್ದಾಳೆ, ಸಾರಕ್ಕ. ಅವಳೊಂದಿಗೆ ನಾನು ಮಾತಾಡಿ ಎಂಟು ವರ್ಷವಾಗಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಜನ ಸುಮ್ಮನೆ ಗಾದೆ ಮಾಡಿಲ್ಲ. ಬೇರೆ ಯಾವ ಸಾಮ್ಯ ಕೊಟ್ಟಿದ್ದರೂ ಒಂದು ತಾಸು ಎಳೆದು ಬಿಸಾಡುತ್ತಿದ್ದೆ. ಈ ಒಂದನ್ನು ಸಭೆಯ ಮುಂದೆ ನಿಂತು ಹೇಳಲು ನನಗೆ ಬಾಯಿ ಇದೆಯೇ? ಸೋಮವಾರದಿಂದ ಇದೇ ಸಂಕಟ.

ಉಪದೇಶಿ ಕಾಕಾ ಯಾರೆಂದು ಹೇಳದೆ ಮುಂದೆ ಹೋದರೆ ನೀವು ಬೈಯುತ್ತೀರಿ. ಅವರ ಹೆಸರು ಸಮುವೇಲಪ್ಪ. ವಾರವೆಲ್ಲ ಬೋರಗಾಂವದಲ್ಲಿ ಇನ್ನೊಬ್ಬರ ಪವರ್‌ಲೂಮಿನಲ್ಲಿ ದುಡಿಯುವುದು, ರವಿವಾರ ಮೊದಲ ಬಸ್ಸಿಗೆ ಕರೋಶಿಗೆ ಬಂದು ನಮಗೆ ಸುವಾರ್ತೆ ಹೇಳುವುದು, ಇದು ಅವರ ಬದುಕು. ಕರೋಶಿಯಲ್ಲಿ ಆಗ ನಮ್ಮದು ಹತ್ತು ಹನ್ನೆರಡು ಮನೆಗಳ ಸಭೆ. ತಗಡು ಹೊದಿಸಿದ ಒಂದು ಉದ್ದನೆಯ ಕೋಣೆ, ಸಗಣಿ ಸಾರಿಸಿದ ನೆಲ, ಗಂಡಸರಿಗೊಂದು ಚಾಪೆ, ಹೆಂಗಸರಿಗೊಂದು ಚಾಪೆ. ಹಾಡು ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ. ಕಾಕಾ ಏಳನೆಯ ಇಯತ್ತೆಯವರೆಗೆ ಓದಿದವರು. ಆದರೆ ಕಥೆ ಹೇಳುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಇಂದಿನವರೆಗೂ ಕಂಡಿಲ್ಲ.

ಮಗ್ಗದ ಖಟಾಖಟ ಸದ್ದಿನಲ್ಲಿ ವರ್ಷಗಟ್ಟಲೆ ನಿಂತು ಅವರ ಕಿವಿ ಮುಕ್ಕಾಲು ಹೋಗಿದ್ದವು. ಹಾಗಾಗಿ ಅವರು ಮಾತಾಡುವುದೇ ಒದರಿ. ಅದರ ಮೇಲೆ ಇನ್ನೊಂದು ಅಭ್ಯಾಸ: ಕಥೆ ಹೇಳುತ್ತ ಹೇಳುತ್ತ ನಡುವೆ ನಿಲ್ಲಿಸಿ ಸಭೆಯನ್ನು ಪ್ರಶ್ನೆ ಕೇಳುವುದು. ಕೇಳಿ, ಕಿವಿಗೆ ಅಂಗೈ ಹಚ್ಚಿ, ಕಾಯುವುದು. ಉತ್ತರವನ್ನು ನಾವೂ ಒದರಿಯೇ ಹೇಳಬೇಕು. “ಏನಂದಿ? ಇನ್ನೊಮ್ಮಿ ಅನ್ನು” ಎಂದರೆ ಇನ್ನೂ ಜೋರಾಗಿ. ಹೀಗೆ ಗಂಡಸರು ಹೆಂಗಸರು ಒಟ್ಟಿಗೆ ಒದರುವುದನ್ನು ಕೇಳಿ, ಹಾದಿಯಲ್ಲಿ ಹೋಗುವವರು ಒಳಗೆ ಹೊಡೆದಾಟ ನಡೆದಿದೆ ಎಂದು ಬಿಡಿಸಲು ಬಂದದ್ದೂ ಉಂಟು. ಈಗಿನ ಸಭೆಗಳಲ್ಲಿ ಮೈಕು ಇದೆ, ಮಾತಾಡುವವನು ಒಬ್ಬನೇ, ಕೇಳುವವರಲ್ಲಿ ಅರ್ಧ ಜನ ಮೊಬೈಲು ನೋಡುತ್ತಾರೆ. ನಮ್ಮ ಕಾಲದಲ್ಲಿ ನಿದ್ದೆ ಮಾಡುವುದೂ ಸಾಧ್ಯವಿರಲಿಲ್ಲ.

ಒಂದು ರವಿವಾರ ಬಿತ್ತುವವನ ಸಾಮ್ಯ ನಡೆದಿತ್ತು. ಒಬ್ಬ ಬಿತ್ತಲು ಹೋದ, ಕೆಲವು ಬೀಜ ಹಾದಿಯಲ್ಲಿ ಬಿದ್ದವು, ಕೆಲವು ಕಲ್ಲಿನ ಮೇಲೆ, ಕೆಲವು ಮುಳ್ಳಿನಲ್ಲಿ. ಅಷ್ಟರಲ್ಲಿ ಯೋಸೇಫಜ್ಜ ಎದ್ದು ನಿಂತ. ಕೂರಿಗೆ ಹಿಡಿಯುವುದರಲ್ಲಿ ಸುತ್ತಲಿನ ನಾಲ್ಕು ಹಳ್ಳಿಗೆ ಹೆಸರಾದವನು. ಅವನು ಬಿತ್ತಿದರೆ ಸಾಲು ದಾರ ಹಿಡಿದು ಎಳೆದಷ್ಟು ನೆಟ್ಟಗೆ.

“ಕಾಕಾ, ಕಥಿ ನಿಂದರಸ್ರಿ. ಹಾದ್ಯಾಗ ಒಂದಿಷ್ಟ, ಕಲ್ಲಾಗ ಒಂದಿಷ್ಟ ಬೀಜ ಚೆಲ್ಲಿದಾಂವ ಎಂಥಾ ಒಕ್ಕಲಿಗ್ರಿ? ಅವಗ ಬಿತ್ತಾಕ ಬರಂಗಿಲ್ಲ ಬಿಡ್ರಿ!”

ಸಭೆಯೆಲ್ಲ ಹೌದು ಹೌದು ಎಂದಿತು. ಎಲ್ಲರೂ ಹೊಲದಲ್ಲಿ ದುಡಿಯುವವರೇ. ಬೀಜ ದಂಡ ಮಾಡುವುದನ್ನು ಯಾರೂ ಸಹಿಸರು. ಕಾಕಾ ತಲೆ ಕೆರೆದುಕೊಂಡು, “ಮುಂದಿನ ವಾರ ಹೇಳತೀನಿ” ಎಂದು ಪ್ರಾರ್ಥನೆ ಮಾಡಿ ಮುಗಿಸಿದರು. ಮುಂದಿನ ವಾರ ಬಂದವರೇ ಮೊದಲು ಅದನ್ನೇ ಎತ್ತಿದರು. “ಯೋಸೇಫಣ್ಣಾ, ತಿಳಿದವ್ರನ್ನ ಕೇಳಿಕೊಂಡ ಬಂದೇನಿ. ಆ ಸೀಮ್ಯಾಗ ಕೂರಿಗಿ ಇರಲಿಲ್ಲಂತ, ಕೈಲೆ ಚೆಲ್ಲತಿದ್ರಂತ. ಆದರ ನಿನ್ನ ಮಾತು ವಾರೆಲ್ಲಾ ನನ್ನ ತಲಿ ತಿಂತು ನೋಡು. ದೇವರು ಹಾದಿಗೂ ಬೀಜಾ ಹಾಕತಾನ, ಕಲ್ಲಿಗೂ ಹಾಕತಾನ. ಬೆಳದೀತೋ ಇಲ್ಲೋ ನೋಡಂಗಿಲ್ಲ. ಅವಗ ಬಿತ್ತಾಕ ಬರಂಗಿಲ್ಲ ಅಂದ್ಯಲ್ಲಾ, ಖರೇನ ಬರಂಗಿಲ್ಲ.” ಯೋಸೇಫಜ್ಜ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಗೆದ್ದೆನೋ ಸೋತೆನೋ ಅವನಿಗೆ ತಿಳಿಯಲಿಲ್ಲ ಎಂದು ಕಾಣುತ್ತದೆ.

ತಪ್ಪಿಹೋದ ಮಗನ ಕಥೆಯನ್ನು ಕಾಕಾ ವರ್ಷಕ್ಕೊಮ್ಮೆ ತಪ್ಪದೆ ಹೇಳುತ್ತಿದ್ದರು. ಕೇಳದವರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ಒಬ್ಬನಿಗೆ ಇಬ್ಬರು ಮಕ್ಕಳು. ಕಿರಿಯವನು ಪಾಲು ತೆಗೆದುಕೊಂಡು ಪರದೇಶಕ್ಕೆ ಹೋಗಿ ಎಲ್ಲ ಹಾಳುಮಾಡಿ, ಹೊಟ್ಟೆಗಿಲ್ಲದೆ ತಿರುಗಿ ಬರುತ್ತಾನೆ. ಅಪ್ಪ ಓಡಿಹೋಗಿ ತಬ್ಬಿಕೊಂಡು ಹಬ್ಬದೂಟ ಮಾಡಿಸುತ್ತಾನೆ. ಹೊಲದಿಂದ ಬಂದ ಹಿರಿಯ ಮಗ ಬಾಜಾಬಜಂತ್ರಿ ಕೇಳಿ, ವಿಷಯ ತಿಳಿದು, ಸಿಟ್ಟಾಗಿ ಒಳಗೆ ಹೋಗದೆ ಹೊರಗೇ ನಿಲ್ಲುತ್ತಾನೆ. ಕಾಕಾನ ಬಾಯಲ್ಲಿ ಆ ಪರದೇಶ ಕೊಲ್ಹಾಪುರವಾಗಿತ್ತು. ಕಿರಿಯ ಮಗ ಬರುವುದು ಸಂಜೆಯ ಬಸ್ಸಿಗೆ. ಅಪ್ಪ ಮಾಡಿಸುವ ಊಟ ಗೋದಿ ಹುಗ್ಗಿ.

ಈ ಹುಗ್ಗಿಯನ್ನು ನಾನು ಹದಿನಾರು ವರ್ಷದವರೆಗೆ ನಂಬಿದ್ದೆ. ಮುಂದೆ ಸ್ವತಃ ಓದಿದಾಗ ಅಲ್ಲಿ ಹುಗ್ಗಿ ಎಲ್ಲಿಯೂ ಇಲ್ಲ! ಕೊಬ್ಬಿದ ಕರುವನ್ನು ಕೊಯ್ದರೆಂದು ಇದೆ. ಪುಸ್ತಕದ ಅಚ್ಚೇ ತಪ್ಪಾಗಿರಬೇಕು ಎಂದು ಇನ್ನೊಂದು ಪ್ರತಿ ತೆಗೆದು ನೋಡಿದ ಶಾಣ್ಯಾ ನಾನು. ಆಮೇಲೆ ಸಭೆಯ ಹಿರಿಯನಾದ ಮೇಲೆ, ಹೊಸದಾಗಿ ಬಂದ ಬಿಗುವಿನಲ್ಲಿ, ಕಾಕಾನನ್ನೇ ಹಿಡಿದು ಕೇಳಿದೆ. “ಕಾಕಾ, ದೇವರ ವಾಕ್ಯ ಬದಲ ಮಾಡಬಹುದೇನ್ರಿ?” ಕಾಕಾ ನಕ್ಕರು. ನಮ್ಮ ಚರ್ಚಿನ ಮಗ್ಗುಲ ಹೊಲದವರು ಜೈನರ ಅಣ್ಣಾಸಾಹೇಬರು. ಕಥೆ ಕೇಳುವ ಹುಚ್ಚಿಗೆ ರವಿವಾರ ಬಂದು ಬಾಗಿಲ ಕಟ್ಟೆಯ ಮೇಲೆ ಕೂಡುತ್ತಿದ್ದರು. ಕಾಕಾ ಅವರ ಮಾತೆತ್ತಿ ಹೇಳಿದರು: “ಕರುದ ಮಾತ ಬಂದ್ರ ಅವ್ರು ಎದ್ದ ಹೋಗತಾರಲ್ಲೋ. ಅಪ್ಪನ ಮನಸ್ಸು ತೋರಸೂದೈತಿ ನನಗ. ಅದು ಹುಗ್ಗ್ಯಾಗೂ ತೋರತೈತಿ. ಬಾಗಿಲದಾಗ ಕುಂತಾಂವನ್ನ ಎಬ್ಬಿಸಿ ಕಳಸೂದು ಯಾವ ವಾಕ್ಯ?” ನನಗೆ ಆ ಉತ್ತರ ಸೇರಲಿಲ್ಲ. ಕಾಕಾನದು ಸಡಿಲು ಎಂದುಕೊಂಡೆ.

ಅವರು ಕಥೆಯನ್ನು ಯಾವಾಗಲೂ ಹಿರಿಯ ಮಗ ಹೊರಗೆ ನಿಂತಲ್ಲಿಗೆ ತಂದು ನಿಲ್ಲಿಸುತ್ತಿದ್ದರು. ಸುವಾರ್ತೆಯಲ್ಲೂ ಅದು ಹಾಗೆಯೇ ನಿಲ್ಲುತ್ತದೆ. ಅಪ್ಪ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಮಗ ಏನು ಮಾಡಿದನೆಂದು ಬರೆದಿಲ್ಲ. “ಅಂವ ಒಳಗ ಬಂದ್ನೋ, ಇಲ್ಲೋ? ಹೇಳ್ರಿ!” ಎಂದು ಕಾಕಾ ಕಿವಿಗೆ ಕೈ ಹಚ್ಚುತ್ತಿದ್ದರು. ನಮ್ಮವ್ವ, “ಹೊಟ್ಟಿ ಹಸಿದ್ರ ತಾನ ಬರ್ತಾನ ಬಿಡ್ರಿ” ಎನ್ನುತ್ತಿದ್ದಳು. ಯೋಸೇಫಜ್ಜ, “ಬರಂಗಿಲ್ರಿ. ದುಡದಾಂವ ಅಂವಾ, ಉಂಡಾಂವ ಇಂವಾ!” ಎಂದು ಪ್ರತಿ ವರ್ಷವೂ ಹಿರಿಯ ಮಗನ ಪಕ್ಷ. ನಾನು ಯಾವ ವರ್ಷವೂ ಏನೂ ಹೇಳಿದ ನೆನಪಿಲ್ಲ. ಆದರೆ ಸಾರಕ್ಕ ಹನ್ನೆರಡು ವರ್ಷದವಳಿದ್ದಾಗ ಎದ್ದು ನಿಂತು ಹೇಳಿದ್ದು ನೆನಪಿದೆ.

“ಕಾಕಾ, ಅಪ್ಪ ಹೊರಗ ಬಂದಾನಲ್ರಿ. ಮಗಾ ಬರೂತನಾ ಅಂವನೂ ಒಳಗ ಹೋಗಿರಂಗಿಲ್ರಿ. ಇಬ್ರೂ ಹೊರಗ ಅದಾರು.”

“ಏನಂದಿ?” ಎಂದು ಕಾಕಾ ಕೇಳಿದರು. ಅವಳು ಮತ್ತೆ ಒದರಿದಳು. ಕಾಕಾ ಹೆಗಲ ಮೇಲಿನ ಟಾವೆಲ್ಲಿನಿಂದ ಕಣ್ಣೊರೆಸಿಕೊಂಡು, ಅವತ್ತಿನ ಉಪದೇಶವನ್ನು ಅಲ್ಲಿಗೇ ಮುಗಿಸಿದರು. ಅಕ್ಕನಿಗೆ ಸಿಕ್ಕ ಆ ಗೌರವ ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಮನೆಗೆ ಬಂದು ಅವಳ ಜಡೆ ಎಳೆದೆ.

ಸಾರಕ್ಕನನ್ನು ಹಾರೂಗೇರಿಗೆ ಕೊಟ್ಟರು. ಭಾವ ಒಳ್ಳೆಯವನು; ಆಯುಷ್ಯ ಸಾಲಲಿಲ್ಲ. ಮಗಳು ಸುಜಾತಾ ನಾಲ್ಕನೆಯ ಇಯತ್ತೆಯಲ್ಲಿದ್ದಾಗ ತೀರಿಕೊಂಡ. ಅಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಮಗಳನ್ನು ಸಾಕಿದಳು. ಸುಜಾತಾ ರಾಯಬಾಗಕ್ಕೆ ಕಾಲೇಜಿಗೆ ಹೋಗುವಾಗ ನನ್ನ ಡ್ಯೂಟಿ ಆ ದಾರಿಯಲ್ಲಿತ್ತು. ಬಸ್ಸು ಎಷ್ಟು ತುಂಬಿದ್ದರೂ ಅವಳು ಕೂಡುವುದು ಕಂಡಕ್ಟರನ ಸೀಟಿನಲ್ಲೇ. ನಾನು ನಿಂತೇ ಇರುತ್ತಿದ್ದೆ. “ಮಾಮಾನ ಬಸ್ಸು” ಎಂದು ಗೆಳತಿಯರಿಗೆ ಹೇಳುತ್ತಿದ್ದಳು, ಬಸ್ಸನ್ನು ನಾನೇ ಕೊಂಡ ಹಾಗೆ. ನನಗೆ ಗಂಡುಮಕ್ಕಳೇ. ಆ ಹುಡುಗಿಯ ಮೇಲೆ ನನ್ನ ಜೀವವಿತ್ತು ಎಂದು ಹೇಳಿದರೆ, ಮುಂದಿನದನ್ನು ಓದಿ ನೀವು ನಂಬಲಿಕ್ಕಿಲ್ಲ.

ಅವಳು ಮೆಚ್ಚಿದ ಹುಡುಗ ಹಾರೂಗೇರಿಯವನೇ, ಹಿಂದೂ ರೈತರ ಮನೆತನ, ಕಬ್ಬಿನ ಹೊಲ ಇದ್ದವರು. ಒಳ್ಳೆಯ ಜನ. ಹುಡುಗಿ ಚರ್ಚಿಗೆ ಹೋಗುವುದಾದರೆ ಹೋಗಲಿ, ಆದರೆ ಅಕ್ಷತೆಯ ಅಕ್ಕಿಕಾಳು ಮಾತ್ರ ತಮ್ಮ ಪದ್ಧತಿಯಂತೆ ಬೀಳಬೇಕು ಎಂದರು. ಸಾರಕ್ಕ ಒಪ್ಪಿದಳು. ಹಿಂದಿನ ದಿನ ಮನೆಯಲ್ಲಿ ಪ್ರಾರ್ಥನೆ, ಮರುದಿನ ಕಾರ್ಯಾಲಯದಲ್ಲಿ, ಅಂದರೆ ಕಲ್ಯಾಣಮಂಟಪದಲ್ಲಿ, ಮಂಗಲಾಷ್ಟಕ. ನನ್ನ ಮೂಗಿನ ತುದಿಯ ಸಿಟ್ಟು ಕೇಳಬೇಕೆ? ಅಕ್ಕನ ಮನೆಗೆ ಹೋಗಿ ಕುಣಿದಾಡಿದೆ. ಸಾಲದೆಂದು ರವಿವಾರ ಸಭೆಯಲ್ಲಿ ಎದ್ದು ನಿಂತು, ಮಂಗಲಾಷ್ಟಕ ಹೇಳಿ ಅಕ್ಕಿಕಾಳು ಹಾಕುವ ಲಗ್ನಕ್ಕೆ ನಾನು ಕಾಲಿಡುವುದಿಲ್ಲ, ಒಡಹುಟ್ಟಿದವಳ ಮಗಳಾದರೂ ಸರಿ, ಎಂದು ಸಾರಿದೆ. ನಾಲ್ಕು ಜನ ತಲೆದೂಗಿದರು. ಒಬ್ಬರು “ಭೇಷ್” ಎಂದರು. ಅಷ್ಟು ಸಸ್ತಾ ಗೌರವ ನನಗೆ ಜನ್ಮದಲ್ಲಿ ಮತ್ತೆ ಸಿಕ್ಕಿಲ್ಲ.

ನಮ್ಮ ಸೀಮೆಯ ಲಗ್ನದಲ್ಲಿ ಸೋದರಮಾವನಿಗೆ ಒಂದು ಜಾಗವಿದೆ. ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರುವವನು ಅವನು. ಮದುಮಕ್ಕಳ ನಡುವೆ ಅಂತರಪಾಟದ ಬಟ್ಟೆ ಹಿಡಿದು ಮಂಗಲಾಷ್ಟಕ ಹೇಳುತ್ತಾರಲ್ಲ, ಆಗ ಅವಳ ಬೆನ್ನ ಹಿಂದೆ ನಿಲ್ಲುವವನೂ ಅವನೇ. ಅಪ್ಪ ಇಲ್ಲದ ಹುಡುಗಿಗೆ ಅದು ಎಷ್ಟು ದೊಡ್ಡದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನನಗೂ ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದು.

ಲಗ್ನದ ದಿನ ಮನೆಯಾಕೆಯನ್ನು ಮಕ್ಕಳನ್ನು ಕಳಿಸಿ, ನನಗೆ ಡ್ಯೂಟಿ ಇದೆ ಎಂದು ಸುಳ್ಳು ಹೇಳಿದೆ. ಹೇಳಿದವನು ಮನೆಯಲ್ಲಾದರೂ ಇರಬೇಕೋ ಬೇಡವೋ? ಹತ್ತು ಗಂಟೆಗೆ ಕಾಲು ತಾವಾಗಿಯೇ ಬಸ್‌ಸ್ಟ್ಯಾಂಡಿಗೆ ಹೋದವು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಾರೂಗೇರಿಯಲ್ಲಿ ಇಳಿದು, ಕಾರ್ಯಾಲಯದ ಎದುರಿನ ಚಹಾದ ಅಂಗಡಿಯ ಮುಂದೆ ನಿಂತುಕೊಂಡೆ. ಒಳಗೆ ಬ್ಯಾಂಡು ಬಾರಿಸುತ್ತಿತ್ತು. ಒಂದು ಚಹಾ ಕುಡಿದೆ, ಇನ್ನೊಂದು ಕುಡಿದೆ. ಒಳಗೆ ಹೋಗಲಾರೆ, ತಿರುಗಿ ಹೋಗಲೂ ಆರೆ.

ಅಷ್ಟರಲ್ಲಿ ಉಪದೇಶಿ ಕಾಕಾ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಕೋಲು, ಮಗ್ಗ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅಂಗಿಗೆ ಅದೇ ವಾಸನೆ. ಅವರು ಲಗ್ನಕ್ಕೆ ಬರುತ್ತಾರೆಂದು ನಾನು ಎಣಿಸಿರಲಿಲ್ಲ. “ಏನ್ ಕಾಕಾ, ನೀವೂ ಬಂದ್ರಿ?” ಎಂದೆ. “ಯೇಸುಸ್ವಾಮಿನೂ ಲಗ್ನಕ್ಕ ಹೋಗಿದ್ದಾ. ಯಾರ ಲಗ್ನ, ಯಾವ ಪದ್ಧತಿ ಅಂತ ಅಂವೇನ ಕೇಳಿದ್ನೇನ? ನಡೀ ಒಳಗ” ಎಂದು ನನ್ನ ರಟ್ಟೆ ಹಿಡಿದರು.

“ನಾ ಬರಂಗಿಲ್ರಿ ಕಾಕಾ” ಎಂದೆ, ಮೆಲ್ಲಗೆ.

“ಏನಂದಿ?”

“ಬರಂಗಿಲ್ಲ ಅಂದೆ.”

“ಕೇಳಸವಲ್ತು. ದೊಡ್ಡದಾಗಿ ಅನ್ನು!”

ರೇಗಿ ಹೋಯಿತು. “ಈ ಲಗ್ನಕ್ಕ ನಾ ಒಳಗ ಬರಂಗಿಲ್ಲ!” ಎಂದು ಬಸ್ಸಿನಲ್ಲಿ ಒದರುವ ಗಂಟಲಿನಿಂದಲೇ ಒದರಿದೆ. ಚಹಾದ ಅಂಗಡಿ ಇಡೀ ತಿರುಗಿ ನೋಡಿತು. ನಾನೂ ತಿರುಗಿ ನೋಡಿದರೆ, ಕಾರ್ಯಾಲಯದ ಗೇಟಿನಲ್ಲಿ ಸಾರಕ್ಕ ನಿಂತಿದ್ದಾಳೆ. ನಾನು ಬಂದಿರುವುದನ್ನು ಯಾರೋ ಹೇಳಿರಬೇಕು. ಹೊಸ ಇಳಕಲ್ ಸೀರೆ, ಹಣೆ ತುಂಬ ಬೆವರು. ಕಾಕಾನಿಗೆ ಖರೆಯೇ ಕೇಳಿಸಿರಲಿಲ್ಲವೋ, ಅಥವಾ ನನ್ನ ಮಾತು ನನಗೇ ಕೇಳಿಸಲಿ ಎಂದು ಹಾಗೆ ಮಾಡಿದರೋ, ದೇವರಿಗೇ ಗೊತ್ತು.

ಸಾರಕ್ಕ ರಸ್ತೆ ದಾಟಿ ಬಂದಳು. “ಬಾರೋ ತಮ್ಮಾ. ಹುಡುಗಿ ಕಾಯಾಕತ್ತಾಳ” ಎಂದಳು. ಅಷ್ಟೇ. ಬೈಯಲಿಲ್ಲ, ಅಳಲಿಲ್ಲ.

ನಾನು, “ನನ್ನ ದೇವರು ಒಪ್ಪಂಗಿಲ್ಲ” ಎಂದೆ.

“ನಿನ್ನ ದೇವರಂತ ಬ್ಯಾರೆ ಅದಾನೇನೋ?” ಎಂದು ನನ್ನ ಮುಖವನ್ನೇ ನೋಡಿದಳು. ಉತ್ತರಕ್ಕೆ ಕಾದಳು. ಆಮೇಲೆ ಸೆರಗು ಸರಿಮಾಡಿಕೊಂಡು ತಿರುಗಿ ಹೋದಳು. ಕಾಕಾ ನನ್ನ ರಟ್ಟೆ ಬಿಟ್ಟರು. “ತಾನ ಹೊರಗ ಬಂದಿದ್ದಳಲ್ಲೋ ನಿನಗಾಗಿ. ಇನ್ನೇನ ಬೇಕಾಗಿತ್ತ ನಿನಗ?” ಎಂದು ಕೋಲೂರಿಕೊಂಡು ಅವಳ ಹಿಂದೆ ಒಳಗೆ ಹೋದರು. ನಾನು ಮೊದಲು ಬಂದ ಬಸ್ಸು ಹತ್ತಿದೆ.

ಇಪ್ಪತ್ತು ಸಲ ಕೇಳಿದ ಕಥೆಯೊಳಗೇ ನಿಂತಿದ್ದೇನೆಂದು ನನಗೆ ಹೊಳೆಯಲಿಲ್ಲ, ನೋಡಿ! ವಯಸ್ಸಿನಲ್ಲಿ ತಮ್ಮ ನಾನು, ಬುದ್ಧಿಯಲ್ಲಿ ಮಾತ್ರ ಆ ಹಿರಿಯ ಮಗ. ಬಸ್ಸಿನಲ್ಲಿ ಕೂತು, ಸತ್ಯಕ್ಕಾಗಿ ನಿಂತೆ ಎಂದುಕೊಂಡೆ. ಆಮೇಲೆ ದಿನಗಳು ಹೋದವು, ವರ್ಷಗಳು ಹೋದವು. ಮೂರು ವರ್ಷದ ಹಿಂದೆ ಉಪದೇಶಿ ಕಾಕಾ ತೀರಿಕೊಂಡರು. ಅವರ ಮಣ್ಣಿಗೆ ಸಾರಕ್ಕ ಬಂದಿದ್ದಳು, ನಾನೂ ಹೋಗಿದ್ದೆ. ಹೆಂಗಸರ ಕಡೆ ಅವಳು, ಗಂಡಸರ ಕಡೆ ನಾನು. ಒಬ್ಬರ ಮುಖ ಒಬ್ಬರು ನೋಡದಂತೆ ಇಬ್ಬರೂ ಜಾಣತನದಿಂದ ಮಣ್ಣು ಹಾಕಿ ಬಂದೆವು.

ಹೀಗಿದ್ದವನ ಕೈಗೆ ಈ ಚೀಟಿ. ಆದರೂ ಹಟ ಬಿಡಲಿಲ್ಲ ನಾನು. ಮಂಗಳವಾರ ಬುಧವಾರ ಕೂತು ನಾಲ್ಕು ಪುಟ ಬರೆದೆ. ಕಿರಿಯ ಮಗನಿಂದ ನಾವು ಕಲಿಯಬೇಕಾದದ್ದು, ತಂದೆಯಿಂದ ಕಲಿಯಬೇಕಾದದ್ದು, ಎಲ್ಲ ಚೆಂದ ಇತ್ತು. ಹಿರಿಯ ಮಗನನ್ನು ಮೂರು ಸಾಲಿನಲ್ಲಿ ಮುಗಿಸಿ ಪ್ರಾರ್ಥನೆಗೆ ಬಂದಿದ್ದೆ. ಗುರುವಾರ ಮಧ್ಯಾಹ್ನ ಮನೆಯಾಕೆಗೆ ಓದಿ ತೋರಿಸಿದೆ. ಅವಳು ಸೊಪ್ಪು ಸೋಸುತ್ತ ಕೇಳಿದಳು.

“ಬಾಳ ಚಲೋ ಬರದೀರಿ. ಆ ಹೊರಗ ನಿಂತಾಂವಂದ ಯಾಕ ಇಷ್ಟ ಸಣ್ಣದ ಮಾಡೀರಿ?”

“ಟೈಮ್ ಸಾಲಂಗಿಲ್ಲ.”

“ಇಪ್ಪತ್ತೆಂಟ ವರ್ಷ ಮಂ‍ದಿಗೆ ‘ಒಳಗ ಸರೀರಿ, ಬಾಗಿಲದಾಗ ನಿಂದರಬ್ಯಾಡ್ರಿ’ ಅಂತ ಒದರೀರಿ. ಅಷ್ಟಾದರೂ ಬರೀರಿ ಅವಗ” ಎಂದು ಎದ್ದು ಒಳಗೆ ಹೋದಳು.

ನಾನು ಊಟ ಬಿಟ್ಟೆ. ಸಿಟ್ಟು ಬಂದಾಗ ಊಟ ಬಿಡುವುದು ನನ್ನ ಹಳೆಯ ಶಸ್ತ್ರ. ಮನೆಯಾಕೆ ಅದಕ್ಕೆ ಹೆದರುವುದನ್ನು ಬಿಟ್ಟು ಬಹಳ ದಿನವಾಗಿದೆ. ಖಾಲಿ ಹೊಟ್ಟೆಯಲ್ಲಿ ಆ ನಾಲ್ಕು ಪುಟ ಮತ್ತೆ ಓದಿದೆ. ಸುಳ್ಳಿನ ಕಂತೆ ಅನ್ನಿಸಿತು. ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಕಾಕಾ ಇದ್ದಿದ್ದರೆ ಒದರಿಯಾದರೂ ಹೇಳಿಕೊಳ್ಳುತ್ತಿದ್ದೆ.

ನಿನ್ನೆ, ಶುಕ್ರವಾರ, ಹಾರೂಗೇರಿಗೆ ಹೋದೆ.

ಸಾರಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳು ತಲೆ ಎತ್ತಿ ನೋಡಿದಳು. ಕೂದಲು ಪೂರ್ತಿ ಬೆಳ್ಳಗಾಗಿವೆ. ಒಳಗೆ ನೆಲದ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತವಳು ಸುಜಾತಾ. ಗಂಡನ ಮನೆ ಎರಡು ಓಣಿ ಆಚೆ. ದಿನಾ ಮಧ್ಯಾಹ್ನ ಅವ್ವನ ಹತ್ತಿರ ಬರುತ್ತಾಳಂತೆ. ಯಾರೂ ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಯಂತ್ರ ನಿಂತಿತು.

“ಎಂಟ ವರ್ಷ ಆತು. ಇವತ್ತ ಯಾಕ ನೆನಪಾತು?” ಎಂದಳು ಅಕ್ಕ.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ರವಿವಾರ ನಾ ಉಪದೇಶ ಮಾಡೂದೈತಿ. ತಪ್ಪಿಹೋದ ಮಗನ ಸಾಮ್ಯ” ಎಂದೆ.

“ಹಂಗಾರ ನಿನ್ನ ಉಪದೇಶಕ್ಕ ನಾ ಬೇಕಾದೆ.”

“ಹೌದಬೇ ಅಕ್ಕಾ. ಹಂಗಂತ ಬಂದೆ. ಈಗ ನಿನ್ನ ಮಾರಿ ನೋಡಿದ ಮ್ಯಾಲ ಉಪದೇಶ ಬ್ಯಾಡ ಅನ್ನಸಾಕತ್ತೈತಿ. ನಾ ಒಲ್ಲೆ ಅಂತ ಪಾಸ್ಟರಿಗೆ ಫೋನ್ ಮಾಡತೀನಿ.”

“ಅದೊಂದ ಹೊಸಾ ನಾಟಕ ಮಾಡಬ್ಯಾಡ. ಹೇಳತೀನಿ ಅಂದಿದ್ದನ್ನ ಹೇಳು” ಎಂದು ಎದ್ದು ಒಲೆಯ ಕಡೆ ಹೋದಳು. ರೊಟ್ಟಿ ಬಡಿಯುವ ಸದ್ದು ಶುರುವಾಯಿತು.

ನಾನು ಬಾಗಿಲ ಒಳಗೆ ಬಂದು ನಿಂತೆ. ಸುಜಾತಾ ಎದ್ದು ತಂಬಿಗೆಯಲ್ಲಿ ನೀರು ತಂದುಕೊಟ್ಟಳು, ಬಂದವರಿಗೆ ಕೊಡುವ ಹಾಗೆ. ಮತ್ತೆ ಹೋಗಿ ಮೊರದ ಮುಂದೆ ಕೂತಳು. ತಪ್ಪಾಯಿತು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅದು ಹೊರಡುವ ಮೊದಲೇ ಅವಳು, ತಲೆ ಎತ್ತದೆ, ಕಲ್ಲು ಆರಿಸುತ್ತಲೇ ಹೇಳಿದಳು.

“ಮಾಮಾ, ಅವತ್ತ ನನ್ನ ಹಿಂದ ಯಾರೂ ನಿಂತಿರಲಿಲ್ಲ.”

ಬಾಯಿಗೆ ಎತ್ತಿದ ತಂಬಿಗೆಯನ್ನು ಕುಡಿಯದೆ ಕೈಯಲ್ಲೇ ಹಿಡಿದೆ.

“ಭಟ್ಟರು ಸೋದರಮಾವ ಎಲ್ಲಿ ಅಂದ್ರು. ದೊಡ್ಡಪ್ಪ ನಾ ನಿಂದರತೀನಿ ಅಂದಾ. ಅವ್ವ ಬಿಡಲಿಲ್ಲ. ‘ಅವನ ಜಾಗಾ ಐತಿ, ಖಾಲಿ ಇರಲಿ. ಅಲ್ಲೇ ಹೊರಗ ಅದಾನ, ಬರ್ತಾನ’ ಅಂದಳು. ಅಕ್ಕಿಕಾಳ ಬೀಳೂತನಾ ಬಾಗಲಾ ನೋಡಿದಳು. ಮಂದಿ ಎಲ್ಲಾ ನನ್ನ ನೋಡಿದರ, ಅವ್ವ ಒಬ್ಬಾಕಿ ಬಾಗಲಾ ನೋಡಿದಳು.”

ಆ ಹೊತ್ತಿಗೆ ನಾನು ರಾಯಬಾಗದ ಹತ್ತಿರ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಅದನ್ನು ಅವಳಿಗೆ ಹೇಗೆ ಹೇಳಲಿ? ನನ್ನ ನಾಲ್ಕು ಪುಟದಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ. ತಂಬಿಗೆ ಕೆಳಗಿಟ್ಟು ನಡೆದುಹೋಗಿ, ಜೋಳ ಆರಿಸುತ್ತಿದ್ದ ಆ ಹುಡುಗಿಯ ಹಿಂದೆ ನಿಂತುಕೊಂಡೆ. ಕೈಕಟ್ಟಿ, ನೆಟ್ಟಗೆ. ಅವಳ ಕೈ ಒಂದು ಗಳಿಗೆ ನಿಂತವು. ಆಮೇಲೆ ಮತ್ತೆ ಜೋಳದಲ್ಲಿ ಆಡತೊಡಗಿದವು. ಅವಳು ತಿರುಗಿ ನೋಡಲಿಲ್ಲ. ಭುಜ ಮಾತ್ರ ಅಲುಗುತ್ತಿತ್ತು. ನಾನು ಅಲ್ಲೇ ನಿಂತಿದ್ದೆ.

ರೊಟ್ಟಿ ಬಡಿಯುವ ಸದ್ದು ಯಾವಾಗ ನಿಂತಿತೋ ತಿಳಿಯದು. ನೋಡಿದರೆ ಸಾರಕ್ಕ ಒಳಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತು ನಮ್ಮಿಬ್ಬರನ್ನು ನೋಡುತ್ತಿದ್ದಾಳೆ. ಬಹಳ ಹೊತ್ತು ನೋಡಿದಳು. ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. ಕೆನ್ನೆಯೆಲ್ಲ ಬಿಳಿ ಹಿಟ್ಟಾಯಿತು.

“ಸಾಕೋ, ಮಂಗಲಾಷ್ಟಕ ಮುಗದು ಎಂಟ ವರ್ಷ ಆತು. ಕುಂಡ್ರು, ರೊಟ್ಟಿ ಆರಾಕತ್ತಾವ” ಎಂದಳು.

ಕೂತೆ. ಎರಡು ರೊಟ್ಟಿ ಹಾಕಿದಳು. ಮೂರನೆಯದನ್ನು ನನ್ನನ್ನು ಕೇಳದೆಯೇ ಹಾಕಿದಳು.